ಪೂಲ್ ನೀರು ವಾಸನೆ ಹೊಡೆದರೆ ಕ್ಲೋರಿನ್ ಜಾಸ್ತಿ ಆಗಿಲ್ಲ, ಸಾಲುತ್ತಿಲ್ಲ

"ಅಣ್ಣಾ, ಪೂಲ್ ನೀರು ಭಾಳ ವಾಸನಿ ಹೊಡ್ಯಾಕತ್ತೈತ್ರಿ. ಕ್ಲೋರಿನ್ ಜಾಸ್ತಿ ಆಗೈತಿ ಅಂತ ಮಾಲಕರು ಅನ್ನಾಕತ್ತಾರ. ಎರಡು ದಿನ ಹಾಕೂದು ಬಂದ್ ಮಾಡ್ಲೇನ್ರಿ?"

ಗೋವಾದ ಸಿಯೋಲಿಮ್ ಕಡೆ ಒಂದು ವಿಲ್ಲಾ ನೋಡಿಕೊಳ್ಳುವ ಕೊಪ್ಪಳದ ಹುಡುಗ ಹೋದ ತಿಂಗಳು ಫೋನ್ ಮಾಡಿ ಕೇಳಿದ್ದು ಇದು. ಬಂದ್ ಮಾಡಬೇಡ, ಇವತ್ತು ರಾತ್ರಿಯೇ ದಿನದ್ದಕ್ಕಿಂತ ಜಾಸ್ತಿ ಹಾಕು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವನಿಗೆ ನಂಬಿಕೆ ಬರಲಿಲ್ಲ ಅನ್ನೋದು ಗೊತ್ತಾಯಿತು. ಗೋವಾದಲ್ಲಿ ಪೂಲ್ ಇರುವ ಮನೆ ಕಾಯುವ ಹುಡುಗರಲ್ಲಿ ನಮ್ಮ ಕಡೆಯವರು ಬಹಳ ಜನ. ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ. ಇವರನ್ನು ಕೂರಿಸಿಕೊಂಡು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಕ್ಯಾನ್, ಒಂದು ಮಗ್, ಉದ್ದ ಕೋಲಿನ ಬಲೆ ಕೈಗೆ ಕೊಟ್ಟು, ನೀರು ನೀಲಿ ಇರಬೇಕು ಅಂತ ಹೇಳಿ ಹೋಗಿರುತ್ತಾರೆ ಅಷ್ಟೆ. ಇದನ್ನು ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲೇ ಸಣ್ಣ ಪೂಲ್ ಇಟ್ಟುಕೊಂಡವರಿಗೂ ಲೆಕ್ಕ ಇದೇ.

ಇದೇ ತಪ್ಪು ನಾನೂ ಮಾಡಿದ್ದೇನೆ. ಪರ್ವರಿಯಲ್ಲಿ ನಮ್ಮ ಮನೆ ಹಿಂದೆ ಒಂದು ಪೂಲ್ ಇದೆ. 20 ಅಡಿ ಉದ್ದ, 12 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಮೊದಲ ವರ್ಷ ದೀಪಾವಳಿಗೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ನರಕ ಚತುರ್ದಶಿ ಬೆಳಗ್ಗೆ ಅಕ್ಕ ಎಲ್ಲ ಮಕ್ಕಳಿಗೂ ತಲೆಗೆ ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಕಾಯಿಸುತ್ತಿದ್ದಳು, ಅಷ್ಟರಲ್ಲಿ ಏಳು ಮಕ್ಕಳೂ ಎಣ್ಣೆ ಮೈಯಲ್ಲೇ ಓಡಿಹೋಗಿ ಪೂಲಿಗೆ ಹಾರಿದವು. ಹಬ್ಬದ ದಿನ ಬೈಯುವುದು ಹೇಗೆ ಅಲ್ವಾ, ಸುಮ್ಮನಾದೆವು. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕಣ್ಣು ಕೆಂಪು, ಪೂಲಿನ ಹತ್ತಿರ ಹೋದರೆ ಮೂಗಿಗೆ ಘಾಟು. ಕ್ಲೋರಿನ್ ಜಾಸ್ತಿಯಾಗಿದೆ ಅಂತ ಎರಡು ದಿನ ಹಾಕಲೇ ಇಲ್ಲ. ಮೂರನೇ ದಿನ ಬೆಳಗ್ಗೆ ನೋಡಿದರೆ ನೀರು ಹೆಸರುಕಾಳು ನೆನೆಸಿಟ್ಟ ಹಾಗೆ ಆಗಿತ್ತು. ಅಂಚಿನ ಟೈಲ್ ಮೇಲೆ ಬೆರಳು ಎಳೆದರೆ ಜಾರುತ್ತಿತ್ತು, ಬೆರಳಿಗೆ ಎಣ್ಣೆಯ ಜಿಡ್ಡು ಮೆತ್ತಿಕೊಳ್ಳುತ್ತಿತ್ತು.

ಆಗಿದ್ದು ಏನು ಅಂದರೆ, ನೀರಿಗೆ ಹಾಕಿದ ಕ್ಲೋರಿನ್ ಮೊದಲು ಖಾಲಿ ಕೈಯಲ್ಲಿರುತ್ತದೆ. ಕ್ರಿಮಿ ಸಿಕ್ಕರೆ ಕ್ರಿಮಿ, ಪಾಚಿ ಸಿಕ್ಕರೆ ಪಾಚಿ, ಎದುರಿಗೆ ಬಂದದ್ದನ್ನು ಹಿಡಿಯುತ್ತದೆ. ಇದಕ್ಕೆ ಫ್ರೀ ಕ್ಲೋರಿನ್ ಅನ್ನುತ್ತಾರೆ. ಇದಕ್ಕೆ ವಾಸನೆ ಬಹಳ ಕಡಿಮೆ. ಬೆವರು, ಮೂತ್ರದಲ್ಲಿರುವ ಯೂರಿಯಾ, ಅಮೋನಿಯಾ ಇವುಗಳ ಜೊತೆ ಸೇರಿದಾಗ ಅದೇ ಕ್ಲೋರಿನ್ ಕ್ಲೋರಮೈನ್ ಆಗಿಬಿಡುತ್ತದೆ. ಆಗ ಅದರ ಕೈ ತುಂಬಿಹೋಗಿರುತ್ತದೆ. ಕ್ರಿಮಿ ಕೊಲ್ಲುವ ಶಕ್ತಿ ಬಹಳ ಕುಗ್ಗಿರುತ್ತದೆ, ಆದರೂ ನೀರಲ್ಲೇ ಉಳಿದಿರುತ್ತದೆ. ನಾವು ಮೂಗಿಗೆ ಬಡಿಯುವ "ಕ್ಲೋರಿನ್ ವಾಸನೆ" ಅನ್ನುವುದು ಹೆಚ್ಚಾಗಿ ಈ ಕ್ಲೋರಮೈನ್‌ನದು. ಅದರಲ್ಲೂ ಟ್ರೈಕ್ಲೋರಮೈನ್ ಅನ್ನುವುದು ನೀರಿನಿಂದ ಮೇಲೆದ್ದು ಗಾಳಿಗೆ ಸೇರುತ್ತದೆ, ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಅಂದರೆ ವಾಸನೆ ಜೋರಾದಷ್ಟೂ ನೀರಲ್ಲಿ ಕೊಳೆ ಜಾಸ್ತಿ, ಕೆಲಸಕ್ಕೆ ಸಿಗುವ ಕ್ಲೋರಿನ್ ಕಡಿಮೆ. ಆ ಹೊತ್ತಿಗೆ ಕ್ಲೋರಿನ್ ನಿಲ್ಲಿಸಿದರೆ ಪಾಚಿಗೆ ನಾವೇ ಬಾಗಿಲು ತೆಗೆದ ಹಾಗೆ.

ಇಲ್ಲಿ ಟೆಸ್ಟ್ ಕಿಟ್ ನಮ್ಮನ್ನು ಮೋಸಗೊಳಿಸುತ್ತದೆ. ಅಗ್ಗಕ್ಕೆ ಸಿಗುವ ಕಿಟ್‌ನಲ್ಲಿ ಎರಡು ಹನಿ ಹಾಕಿದರೆ ನೀರು ಹಳದಿ ಆಗುತ್ತದೆ ನೋಡಿ, ಅದು ಫ್ರೀ ಮತ್ತು ಕ್ಲೋರಮೈನ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಹಳದಿ ಗಾಢವಾಗಿ ಬಂದರೆ ಕ್ಲೋರಿನ್ ಧಾರಾಳ ಇದೆ ಅಂತ ಹುಡುಗರು ನಿಶ್ಚಿಂತೆಯಾಗಿರುತ್ತಾರೆ. ಅದರಲ್ಲಿ ಬಹುಪಾಲು ದಣಿದ ಕ್ಲೋರಿನ್ನೇ ಇರಬಹುದು. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತಗೊಳ್ಳಿ. ಮೊದಲ ಮಾತ್ರೆ ಹಾಕಿದರೆ ಫ್ರೀ ಕ್ಲೋರಿನ್ ಎಷ್ಟು ಅಂತ ಬರುತ್ತದೆ, ಅದೇ ನೀರಿಗೆ ಇನ್ನೊಂದು ಮಾತ್ರೆ ಹಾಕಿದರೆ ಒಟ್ಟು ಎಷ್ಟು ಅಂತ ಬರುತ್ತದೆ. ಒಟ್ಟಿನಿಂದ ಫ್ರೀ ಕಳೆದರೆ ಉಳಿದದ್ದು ಕ್ಲೋರಮೈನ್. ನಮ್ಮ ದೀಪಾವಳಿ ಕಥೆಯ ದಿನ ಈ ಕಿಟ್ ನನ್ನ ಹತ್ತಿರ ಇದ್ದಿದ್ದರೆ ಐದು ನಿಮಿಷದಲ್ಲಿ ವಿಷಯ ಗೊತ್ತಾಗುತ್ತಿತ್ತು. ಒಂದು ಎಚ್ಚರಿಕೆ ಇದೆ. ಕ್ಲೋರಿನ್ ವಿಪರೀತ ಜಾಸ್ತಿ ಇದ್ದರೆ ಡಿಪಿಡಿಯ ಗುಲಾಬಿ ಬಣ್ಣವೇ ಅಳಿಸಿಹೋಗಿ ನೀರು ಬಣ್ಣವೇ ಇಲ್ಲದ ಹಾಗೆ ಕಾಣುತ್ತದೆ, ಸೊನ್ನೆ ಅಂತ ಓದಿಕೊಂಡು ಇನ್ನಷ್ಟು ಸುರಿಯಬೇಡಿ. ಹನಿ ಅಥವಾ ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಇದೇ ಕಾರಣ. ಪೂಲ್ ನೀರಿಗೆ ಅಷ್ಟೇ ಪ್ರಮಾಣದ ಕುಡಿಯುವ ಬಾಟಲಿ ನೀರು ಬೆರೆಸಿ ಮತ್ತೆ ನೋಡಿ, ಬಂದ ಲೆಕ್ಕವನ್ನು ಎರಡರಿಂದ ಗುಣಿಸಿ.

ಈಗ ಎಷ್ಟು ಹಾಕಬೇಕು ಅನ್ನುವ ಲೆಕ್ಕ. ಇದನ್ನು ಒಂದು ಸಲ ಮಾಡಿ ಪಂಪ್ ರೂಮಿನ ಗೋಡೆ ಮೇಲೆ ಬರೆದಿಟ್ಟುಬಿಡಿ. ನಮ್ಮ ಪೂಲು 20 ಗುಣಿಸು 12 ಗುಣಿಸು 4.5, ಅಂದರೆ 1080 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಹತ್ತಿರ ಹತ್ತಿರ 30,000 ಲೀಟರ್ ನೀರು. ಒಂದು ಪಿಪಿಎಂ ಅಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. 30,000 ಲೀಟರಿಗೆ 30 ಗ್ರಾಂ ಕ್ಲೋರಿನ್ ಬೇಕು. ಕ್ಯಾನಿನಲ್ಲಿ ಬರುವ ದ್ರವ ಕ್ಲೋರಿನ್ (ಸೋಡಿಯಂ ಹೈಪೋಕ್ಲೋರೈಟ್, ನಾವು ಹೈಪೋ ಅನ್ನುವುದು) 10 ಪರ್ಸೆಂಟ್‌ನದಾದರೆ ಒಂದು ಲೀಟರಿನಲ್ಲಿ 100 ಗ್ರಾಂ ಕ್ಲೋರಿನ್ ಇರುತ್ತದೆ. ಹಾಗಾಗಿ 300 ಮಿಲಿ ಹಾಕಿದರೆ ನಮ್ಮ ಪೂಲಲ್ಲಿ ಒಂದು ಪಿಪಿಎಂ ಏರುತ್ತದೆ. ಒಂದು ಪಿಪಿಎಂಗಿಂತ ಕೆಳಗೆ ಫ್ರೀ ಕ್ಲೋರಿನ್ ಯಾವತ್ತೂ ಇಳಿಯಬಾರದು, ಬಿಸಿಲು ತಡೆಯುವ ಸ್ಟೆಬಿಲೈಸರ್ ಇದ್ದರೆ ಎರಡಕ್ಕಿಂತ ಕೆಳಗೆ ಇಳಿಯಬಾರದು. ನಾನು ಎರಡರಿಂದ ನಾಲ್ಕರ ನಡುವೆ ಇಡುತ್ತೇನೆ. ಆದರೆ ಕ್ಯಾನ್ ಹಳೆಯದಾದರೆ ಈ ಲೆಕ್ಕ ಕೆಡುತ್ತದೆ. ಹೈಪೋ ಬಿಸಿಲಿಗೆ, ಸೆಕೆಗೆ ತನ್ನಷ್ಟಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಎರಡು ತಿಂಗಳ ಹಳೆಯ ಕ್ಯಾನ್ ತಂದು ಹಾಕಿದರೆ ಅರ್ಧ ನೀರನ್ನೇ ಕೊಂಡ ಹಾಗೆ. ಮ್ಹಾಪ್ಸಾದಲ್ಲೋ ಎಲ್ಲೋ ಕೊಳ್ಳುವಾಗ ಯಾವಾಗ ಬಂದ ಮಾಲು ಅಂತ ಕೇಳಿ. ಸಣ್ಣ ಕ್ಯಾನ್ ತಗೊಳ್ಳಿ, ನೆರಳಲ್ಲಿಡಿ.

ವಾಸನೆ ಹೊಡೆಯುತ್ತಿರುವ ನೀರಿಗೆ ದಿನದ ಡೋಸ್ ಸಾಲುವುದಿಲ್ಲ. ಕ್ಲೋರಮೈನ್ ಒಡೆದುಹೋಗಬೇಕಾದರೆ ಅದರ ಸುಮಾರು ಹತ್ತು ಪಟ್ಟು ಕ್ಲೋರಿನ್ ಒಂದೇ ಸಲಕ್ಕೆ ಬೇಕು. ಒಟ್ಟು 2 ಬಂತು, ಫ್ರೀ 1.2 ಬಂತು ಅನ್ನಿ. ಕ್ಲೋರಮೈನ್ 0.8. ಹತ್ತು ಪಟ್ಟು ಅಂದರೆ 8 ಪಿಪಿಎಂ. ನಮ್ಮ ಪೂಲಿಗೆ ಎರಡು ಲೀಟರ್ 400 ಮಿಲಿ. ಇದಕ್ಕೇ ಶಾಕ್ ಕೊಡುವುದು ಅನ್ನುತ್ತಾರೆ. ಭಯಪಟ್ಟು ಅರ್ಧಂಬರ್ಧ ಹಾಕಬಾರದು, ಹಾಕಿದರೆ ಕ್ಲೋರಮೈನ್ ಒಡೆಯದೆ ಇನ್ನೂ ಘಾಟಿನ ರೂಪಕ್ಕೆ ತಿರುಗುತ್ತದೆ, ವಾಸನೆ ಮೊದಲಿಗಿಂತ ಜಾಸ್ತಿಯಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಹಾಕಿ. ಪಂಪ್ ಚಾಲೂ ಇರಲಿ. ಪೂಲಿಗೆ ಹೊದಿಕೆ ಇದ್ದರೆ ತೆಗೆದಿಡಿ, ಗಾಳಿಗೆ ಹೋಗಬೇಕಾದ್ದು ಹೋಗಲಿ. ಕೊಪ್ಪಳದ ಹುಡುಗನಿಗೂ ಹೀಗೇ ಹೇಳಿದೆ. ಮರುದಿನ ಸಂಜೆ ಫೋನ್ ಮಾಡಿ "ವಾಸನಿ ಹೋತ್ರಿ ಅಣ್ಣಾ" ಅಂದ. ಫ್ರೀ ಕ್ಲೋರಿನ್ ನಾಲ್ಕಕ್ಕೆ ಇಳಿಯುವವರೆಗೆ ಮಕ್ಕಳನ್ನು ಬಿಡಬೇಡ ಅಂತಲೂ ಹೇಳಿದ್ದೆ, ಅದನ್ನೂ ಪಾಲಿಸಿದ್ದ.

ಇಷ್ಟು ಕ್ಲೋರಿನ್ ಹಾಕಿದರೂ ಕೆಲಸ ಮಾಡದೇ ಇರಬಹುದು. ಅದಕ್ಕೆ ಕಾರಣ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ. ನೀರಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಒಂದು ಚುರುಕಾದದ್ದು, ಹೈಪೋಕ್ಲೋರಸ್ ಆಮ್ಲ. ಇನ್ನೊಂದು ಮಂದ. ಪಿಎಚ್ 7.5 ಇದ್ದಾಗ ಸುಮಾರು ಅರ್ಧರ್ಧ. ಎಂಟಕ್ಕೆ ಏರಿದರೆ ಚುರುಕಾದದ್ದು ಕಾಲು ಭಾಗ ಮಾತ್ರ. ಕಿಟ್‌ನಲ್ಲಿ ಕ್ಲೋರಿನ್ ಅಷ್ಟೇ ತೋರಿಸುತ್ತಿರುತ್ತದೆ, ಆದರೆ ಪೂಲಲ್ಲಿ ಪಾಚಿ ಬೆಳೆಯುತ್ತಿರುತ್ತದೆ. 7.2ರಿಂದ 7.6ರ ನಡುವೆ ಇಟ್ಟುಕೊಳ್ಳಿ. ನಮ್ಮ ಕಣ್ಣೀರಿನ ಪಿಎಚ್ ಸುಮಾರು 7.4, ಅದಕ್ಕೇ ಆ ಮಟ್ಟದಲ್ಲಿ ಕಣ್ಣಿಗೂ ಹಿತ. ಕಾರಂಜಿ, ಝರಿ ಇರುವ ಪೂಲುಗಳಲ್ಲಿ ನೀರು ಗಾಳಿಗೆ ತಾಗಿ ಪಿಎಚ್ ತಾನೇ ಏರುತ್ತಾ ಹೋಗುತ್ತದೆ. ಇಳಿಸಲು ಆಸಿಡ್ ಬೇಕು, ಸ್ವಲ್ಪ ಸ್ವಲ್ಪವೇ. ಪಿಎಚ್ ದಿನಕ್ಕೊಂದು ಥರ ಕುಣಿಯುತ್ತಿದ್ದರೆ ಆಲ್ಕಲಿನಿಟಿ, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ಅಂಶ, ಕಡಿಮೆ ಇದೆ ಅಂತ ಅರ್ಥ. ಅದು 80ರಿಂದ 120 ಪಿಪಿಎಂ ಇರಬೇಕು, ಕಡಿಮೆಯಾದರೆ ಅಡುಗೆ ಸೋಡಾ ಸಾಕು. 30,000 ಲೀಟರಿಗೆ ಅರ್ಧ ಕೆಜಿ ಹಾಕಿದರೆ 10 ಪಿಪಿಎಂ ಏರುತ್ತದೆ.

ಆಸಿಡ್ ಅಂದೆ ಅಲ್ವಾ, ಇಲ್ಲಿ ಸ್ವಲ್ಪ ನಿಲ್ಲಿ. ಆಸಿಡ್ ಮತ್ತು ಹೈಪೋ ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. ಉಸಿರು ಕಟ್ಟಿಸುವ ವಿಷ ಅದು. ಕಿಟಕಿ ಇಲ್ಲದ ಸಣ್ಣ ಪಂಪ್ ರೂಮಿನಲ್ಲಿ, ಒಂದೇ ಮಗ್‌ನಲ್ಲಿ ಬೆಳಗ್ಗೆ ಆಸಿಡ್ ಸಂಜೆ ಹೈಪೋ ಅಳೆಯುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ಕಂಡಾಗಲೆಲ್ಲ ಜೀವ ಝಲ್ ಅನ್ನುತ್ತದೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಮಗ್ ಇಡಿ. ಎರಡು ಕ್ಯಾನ್‌ಗಳನ್ನು ಬೇರೆ ಬೇರೆ ಕಡೆ ಇಡಿ. ಆಸಿಡ್ ಹಾಕಿದ ಮೇಲೆ ನೀರು ಚೆನ್ನಾಗಿ ತಿರುಗಿದ ಮೇಲಷ್ಟೇ ಹೈಪೋ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಕೆಮಿಕಲ್, ಇದು ಉಲ್ಟಾ ಆಗಲೇಬಾರದು. ಟಿಸಿಸಿಎ ಅನ್ನುವ ಗಟ್ಟಿ ಕ್ಲೋರಿನ್ ಮಾತ್ರೆಯನ್ನು ಬ್ಲೀಚಿಂಗ್ ಪೌಡರ್ ಇದ್ದ ಡಬ್ಬಿಗೆ ಹಾಕಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮಾಲೀಕರೇ, ನಿಮ್ಮ ಹುಡುಗನಿಗೆ ಕನ್ನಡಕ, ಕೈಗವಸು ಕೊಡಿಸಿ. ಅವನೂ ಒಂದು ಮನೆಯ ಮಗ.

ಟಿಸಿಸಿಎ 90 ಮಾತ್ರೆಯ ಬಗ್ಗೆ ಇನ್ನೊಂದು ಮಾತು. ತೇಲುವ ಡಬ್ಬಿಗೆ ಹಾಕಿ ಬಿಟ್ಟರೆ ನಿಧಾನ ಕರಗುತ್ತದೆ, ದಿನಾ ಅಳೆಯುವ ಕೆಲಸ ಇಲ್ಲ, ಹಾಗಾಗಿ ಎಲ್ಲರಿಗೂ ಇಷ್ಟ. ಅದರಲ್ಲಿ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಮ್ಲ ಇರುತ್ತದೆ. ಇದೇ ಸ್ಟೆಬಿಲೈಸರ್. ಸ್ವಲ್ಪ ಇದ್ದರೆ ಬಹಳ ಒಳ್ಳೆಯದು, ಯಾಕೆಂದರೆ ಇದಿಲ್ಲದೆ ಗೋವಾದ ಮಧ್ಯಾಹ್ನದ ಬಿಸಿಲಿಗೆ ಫ್ರೀ ಕ್ಲೋರಿನ್ ಒಂದು ಗಂಟೆಯೊಳಗೆ ಅರ್ಧ ಹೋಗಿಬಿಡುತ್ತದೆ. ಆದರೆ ಕ್ಲೋರಿನ್ ಖರ್ಚಾದ ಹಾಗೆ ಇದು ಖರ್ಚಾಗುವುದಿಲ್ಲ, ಆವಿಯಾಗುವುದೂ ಇಲ್ಲ. ನೀರಲ್ಲೇ ಕೂಡುತ್ತಾ ಹೋಗುತ್ತದೆ. ನಮ್ಮ ಅಳತೆಯ ಪೂಲಿಗೆ ವಾರಕ್ಕೆ 200 ಗ್ರಾಮಿನ ಎರಡು ಮಾತ್ರೆ ಹಾಕಿದರೆ ವಾರಕ್ಕೆ ಸುಮಾರು 7 ಪಿಪಿಎಂ ಏರುತ್ತದೆ. 30ರಿಂದ 50 ಇರಬೇಕಾದ್ದು ಎರಡು ತಿಂಗಳಲ್ಲಿ ದಾಟಿಹೋಗುತ್ತದೆ. ನೂರು ದಾಟಿದ ಮೇಲೆ ಕ್ಲೋರಿನ್ನನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಅಂದರೆ ಕಿಟ್‌ನಲ್ಲಿ 3 ಅಂತ ತೋರಿಸುತ್ತಿದ್ದರೂ ನೀರು ಹಸಿರಾಗುತ್ತದೆ. ಆಗ ಉಪಾಯ ಒಂದೇ, ಅರ್ಧ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬುವುದು. ಅದಕ್ಕೇ ನಾನು ದಿನಕ್ಕೆ ಹೈಪೋ ಹಾಕುತ್ತೇನೆ, ಮಾತ್ರೆಯನ್ನು ಮನೆ ಬಿಟ್ಟು ಹೋಗುವಾಗಷ್ಟೇ ಬಳಸುತ್ತೇನೆ. ಇನ್ನು "ನಮ್ಮದು ಉಪ್ಪಿನ ಪೂಲ್, ಕ್ಲೋರಿನ್ ಇಲ್ಲ" ಅನ್ನುವವರಿಗೆ: ಆ ಯಂತ್ರ ಉಪ್ಪಿನಿಂದಲೇ ಕರೆಂಟ್ ಹಾಯಿಸಿ ಕ್ಲೋರಿನ್ ತಯಾರಿಸುತ್ತದೆ, ಇಲ್ಲಿ ಹೇಳಿದ್ದೆಲ್ಲ ನಿಮಗೂ ಲಾಗೂ.

ಕ್ಲೋರಿನ್ ಕೊಲ್ಲುತ್ತದೆ, ಆದರೆ ಹೊರಗೆ ಹಾಕುವುದು ಫಿಲ್ಟರ್. ಪಂಪ್ ಗಂಟೆಗೆ 5000 ಲೀಟರ್ ಎಳೆದರೆ 30,000 ಲೀಟರಿಗೆ ಆರು ಗಂಟೆ ಬೇಕು. ಆದರೆ ಆರು ಗಂಟೆಯಲ್ಲಿ ಎಲ್ಲ ನೀರೂ ಫಿಲ್ಟರ್ ದಾಟುವುದಿಲ್ಲ. ಶುದ್ಧವಾದ ನೀರು ವಾಪಸ್ ಅದೇ ಪೂಲಿಗೆ ಬಿದ್ದು ಕೊಳೆ ನೀರಿನ ಜೊತೆ ಬೆರೆಯುತ್ತದೆ, ಹಾಗಾಗಿ ಒಂದು ಸುತ್ತಿಗೆ ಸುಮಾರು 63 ಪರ್ಸೆಂಟ್ ಮಾತ್ರ. ಎರಡು ಸುತ್ತಿಗೆ 86. ಕರೆಂಟ್ ಬಿಲ್ ನೋಡಿ ದಿನಕ್ಕೆ ಎರಡೇ ಗಂಟೆ ಪಂಪ್ ಓಡಿಸಿದರೆ ಎಷ್ಟು ಕೆಮಿಕಲ್ ಸುರಿದರೂ ನೀರು ಮಸುಕಾಗಿಯೇ ಇರುತ್ತದೆ. ಫಿಲ್ಟರ್ ತೊಳೆದ ದಿನ ಒತ್ತಡ ತೋರಿಸುವ ಗೇಜ್‌ನ ಮುಳ್ಳು ಎಲ್ಲಿದೆ ಅಂತ ಪೆನ್ನಿನಿಂದ ಗುರುತು ಹಾಕಿ. ಅಲ್ಲಿಂದ ಎಂಟು ಹತ್ತು ಪಿಎಸ್‌ಐ ಏರಿದಾಗ, ನೀರನ್ನು ಉಲ್ಟಾ ಹಾಯಿಸಿ ಫಿಲ್ಟರಿನ ಕೊಳೆ ಹೊರಗೆ ತಳ್ಳುವ ಬ್ಯಾಕ್‌ವಾಷ್ ಮಾಡಿ. ವಾಲ್ವಿನ ಹಿಡಿಕೆ ತಿರುಗಿಸುವ ಮೊದಲು ಪಂಪ್ ಬಂದ್ ಮಾಡಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಹರಿದುಹೋಗುತ್ತದೆ. ಗಾಜಿನ ಕಿಂಡಿಯಲ್ಲಿ ಮೊದಲು ಚಹಾದಂಥ ನೀರು ಹೋಗುತ್ತದೆ, ನಂತರ ಮಬ್ಬು, ನಂತರ ತಿಳಿ. ತಿಳಿಯಾದ ಮೇಲೆ ಅರ್ಧ ನಿಮಿಷ ರಿನ್ಸ್ ಮಾಡಿ, ಆಮೇಲೆ ಫಿಲ್ಟರ್‌ಗೆ ತಿರುಗಿಸಿ. ಒಳಗಿನ ಮರಳು ಐದು ವರ್ಷಕ್ಕೊಮ್ಮೆ ಬದಲಾಗಲಿ.

ವಾರಕ್ಕೊಮ್ಮೆ ಗೋಡೆ ಉಜ್ಜಲೇಬೇಕು. ಬೆರಳಿಗೆ ಜಾರುವ ಲೋಳೆ ಇದೆಯಲ್ಲ, ಅದರ ಒಳಗೆ ಅಡಗಿದ ಕ್ರಿಮಿಗಳಿಗೆ ಕ್ಲೋರಿನ್ ತಲುಪುವುದಿಲ್ಲ. ಏಣಿಯ ಹಿಂಭಾಗ, ಲೈಟಿನ ಸುತ್ತ, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯ ಒಳಗೆ, ಮುಗ್ಗಲು ವಾಸನೆ ಬಂದರೆ ಮೊದಲು ಅಲ್ಲೇ ನೋಡಿ.

ಕೊಳೆ ಒಳಗೇ ಬರದ ಹಾಗೆ ನೋಡಿಕೊಂಡರೆ ಕ್ಲೋರಿನ್ ಅರ್ಧ ಉಳಿಯುತ್ತದೆ. 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಒಂದು ಜಾಣ ಪರೀಕ್ಷೆ ಮಾಡಿದರು. ತಿಂಡಿ, ಪಾನೀಯಗಳಲ್ಲಿ ಹಾಕುವ ಒಂದು ಕೃತಕ ಸಿಹಿ ನಮ್ಮ ದೇಹದಲ್ಲಿ ಕರಗದೆ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಅದು ಪೂಲ್ ನೀರಲ್ಲಿ ಎಷ್ಟಿದೆ ಅಂತ ಅಳೆದು, 8.3 ಲಕ್ಷ ಲೀಟರಿನ ಒಂದು ಪೂಲಲ್ಲಿ ಸುಮಾರು 75 ಲೀಟರ್ ಮೂತ್ರ ಇದೆ ಅಂತ ಲೆಕ್ಕ ಹಾಕಿದರು. ಮಕ್ಕಳನ್ನು ಗಂಟೆಗೊಮ್ಮೆ ಮೇಲೆ ಕರೆದು ಬಾತ್‌ರೂಮಿಗೆ ಕಳಿಸಿ. ನೀರಿಗೆ ಇಳಿಯುವ ಮುಂಚೆ ಒಂದು ನಿಮಿಷ ಶವರ್ ಕೆಳಗೆ ನಿಲ್ಲಿಸಿ, ಅಷ್ಟಕ್ಕೇ ಮೈಮೇಲಿನ ಬೆವರು, ಕೊಳೆ ಬಹುಪಾಲು ಹೋಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಇದ್ದರೆ ಸೀಗೆಕಾಯಿಯೋ ಶಾಂಪೂವೋ ಹಾಕಿ ತೊಳೆದೇ ಇಳಿಸಿ. ಭೇದಿಯಾದ ಮಗುವನ್ನು ಮಾತ್ರ ಖಂಡಿತ ಬಿಡಬೇಡಿ. ಕ್ರಿಪ್ಟೋಸ್ಪೊರಿಡಿಯಮ್ ಅನ್ನುವ ಒಂದು ಪರಾವಲಂಬಿ ಜೀವಿ ಸರಿಯಾಗಿ ಕ್ಲೋರಿನ್ ಇರುವ ನೀರಲ್ಲೂ ವಾರಕ್ಕಿಂತ ಜಾಸ್ತಿ ಬದುಕಿರುತ್ತದೆ.

ಗೋವಾದ್ದೇ ಆದ ಎರಡು ತೊಂದರೆಗಳಿವೆ. ಒಂದು ಕೆಂಪು ನೀರು. ಇಲ್ಲಿನ ನೆಲದ ತುಂಬ ಜಂಬಿಟ್ಟಿಗೆ ಕಲ್ಲು, ಇವರು ಚಿರೆ ಅನ್ನುತ್ತಾರೆ. ಕೆಲವು ಬಾವಿ, ಬೋರ್ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಟ್ಯಾಂಕರಿನಿಂದ ಬಿದ್ದಾಗ ನೀರು ತಿಳಿಯಾಗಿಯೇ ಇರುತ್ತದೆ, ಕ್ಲೋರಿನ್ ಹಾಕಿದ ಕೂಡಲೇ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಗಾಬರಿಯಾಗಬೇಡಿ. ಅದು ಪಾಚಿಯಲ್ಲ, ತುಕ್ಕು. ರಾತ್ರಿ ಪಟಿಕ ಕರಗಿಸಿ ಹಾಕಿ ಪಂಪ್ ನಿಲ್ಲಿಸಿದರೆ ಬೆಳಗ್ಗೆ ತಳದಲ್ಲಿ ಕೂತಿರುತ್ತದೆ, ವ್ಯಾಕ್ಯೂಮ್‌ನಿಂದ ಎಳೆದು ನೇರವಾಗಿ ಹೊರಗೆ ಬಿಡಿ, ಫಿಲ್ಟರ್ ಮೂಲಕ ಬೇಡ. ಪಾಚಿ ಬಂದರೆ ಕೆಲವರು ಅಡಿಕೆ ತೋಟದ ನೆನಪಲ್ಲಿ ಮೈಲುತುತ್ತ ಹಾಕುತ್ತಾರೆ. ಪಾಚಿ ಸಾಯುತ್ತದೆ ನಿಜ, ಆದರೆ ತಾಮ್ರ ನೀರಲ್ಲಿ ಉಳಿದು ಗೋಡೆಗೆ ಕಲೆ ಬೀಳುತ್ತದೆ, ಬಿಳಿ ಕೂದಲು ಹಸಿರಾಗುತ್ತದೆ. ನಾನಂತೂ ಬೇಡ ಅನ್ನುತ್ತೇನೆ.

ಇನ್ನೊಂದು ಮಳೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಬೀಳುತ್ತದೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಪೂಲಿನ ಆಳ 1370 ಮಿಲಿಮೀಟರ್. ಅಂದರೆ ಒಂದು ಮಳೆಗಾಲದಲ್ಲಿ ಪೂಲಿನ ಆಳದ ಎರಡು ಪಟ್ಟಿಗೂ ಮೀರಿ ನೀರು ಆಕಾಶದಿಂದ ಬಿದ್ದು ತುಂಬಿ ಹರಿಯುತ್ತದೆ. ಕ್ಲೋರಿನ್, ಆಲ್ಕಲಿನಿಟಿ, ಸ್ಟೆಬಿಲೈಸರ್ ಎಲ್ಲ ತೆಳುವಾಗುತ್ತದೆ. ಎಲೆ, ಮಣ್ಣು ಒಳಗೆ ಬರುತ್ತದೆ. ಮೇಲಾಗಿ ಕರೆಂಟ್ ಹೋಗುತ್ತದೆ. ಎರಡು ಮೂರು ದಿನ ಪಂಪ್ ನಿಂತರೆ ಫಿಲ್ಟರ್ ಒಳಗಿನ ನೀರು ಕೊಳೆತು ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ಕರೆಂಟ್ ಬಂದಾಗ ನೇರ ಪಂಪ್ ಹಾಕಿದರೆ ಆ ನೀರೆಲ್ಲ ಪೂಲಿಗೆ ಬೀಳುತ್ತದೆ. ಮೊದಲು ಬ್ಯಾಕ್‌ವಾಷ್ ಮಾಡಿ ಹೊರಗೆ ಬಿಡಿ, ಆಮೇಲೆ ಪೂಲಿಗೆ.

ಪಂಚಮಿಗೆ ಊರಿಗೆ ಹೋಗುವುದು ಸರಿಯಾಗಿ ಈ ಮಳೆಯಲ್ಲೇ ಬರುತ್ತದೆ. ಜೋಕಾಲಿ, ಉಂಡಿ ಬಿಟ್ಟು ಪೂಲ್ ಕಾಯುತ್ತಾ ಕೂರಿ ಅಂತ ಯಾರಿಗೂ ಹೇಳಲಾರೆ. ಹೊರಡುವ ಹಿಂದಿನ ದಿನ ಗೋಡೆ ಉಜ್ಜಿ, ಬುಟ್ಟಿ ಖಾಲಿ ಮಾಡಿ, ಬ್ಯಾಕ್‌ವಾಷ್ ಮುಗಿಸಿ. ರಾತ್ರಿ ಶಾಕ್ ಕೊಡಿ. ಬೆಳಗ್ಗೆ ತೇಲುವ ಡಬ್ಬಿಗೆ ಎರಡು ಮಾತ್ರೆ ಹಾಕಿ. ಪಂಪಿಗೆ ಟೈಮರ್ ಇಟ್ಟು ದಿನಕ್ಕೆ ಆರು ಗಂಟೆ ಓಡುವ ಹಾಗೆ ಹೊಂದಿಸಿ. ಪಕ್ಕದ ಮನೆಯ ಹುಡುಗನಿಗೆ ಮೂರು ದಿನಕ್ಕೊಮ್ಮೆ ಎಲೆ ತೆಗೆದು, ಡಬ್ಬಿಯಲ್ಲಿ ಮಾತ್ರೆ ಇದೆಯಾ ನೋಡು ಅನ್ನಿ, ಕ್ಲೋರಿನ್ ಪೂರ್ತಿ ಹೋದ ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತವೆ. ವಾಪಸ್ ಬಂದ ದಿನ ಬ್ಯಾಗ್ ಕೆಳಗಿಟ್ಟ ಮೇಲೆ ಮೊದಲು ಗುಲಾಬಿ ಕಿಟ್ ತೆಗೆಯಿರಿ. ಎರಡರ ಮೇಲೆ ಬಣ್ಣ ಬಂದರೆ ಮಕ್ಕಳು ಇಳಿಯಲಿ. ಇಲ್ಲವಾದರೆ ಕತ್ತಲಾಗುವವರೆಗೆ ಕಾದು, ಕ್ಯಾನ್ ತೆಗೆದು ಅಳೆಯಿರಿ.